ದುಬೈ ಶಾಲೆಗೆ ಟೀಚರಾಗಿ ಹೊರಟವರ ಪ್ರಶ್ನೆಗಳು

ಹೋದ ಸಂಚಿಕೆಯಲ್ಲಿ ದುಬೈಯ ಶಾಲೆಗಳ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದನ್ನು ಓದಿ ಬಂದ ಪತ್ರಗಳಲ್ಲಿ ಹೆಚ್ಚಿನವು ಟೀಚರುಗಳದ್ದೇ. ಅವುಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರ ಕೊಟ್ಟಿದ್ದೇನೆ. ಹೊಸ ಓದುಗರಿಗೆ ಒಂದು ಮಾತು: ನಾನು ಸಾಗರದವಳು, ಗಣಿತದ ಟೀಚರ್. ದುಬೈಯಲ್ಲಿ ಮೊದಲು ಸಿಬಿಎಸ್‌ಇ ಶಾಲೆಯಲ್ಲಿ, ಆಮೇಲೆ ಐಬಿ (ಇಂಟರ್‌ನ್ಯಾಷನಲ್ ಬ್ಯಾಕಲೋರಿಯೆಟ್ ಎಂಬ ಅಂತರರಾಷ್ಟ್ರೀಯ ಪಠ್ಯಕ್ರಮ) ಶಾಲೆಯಲ್ಲಿ ಪಾಠ ಮಾಡಿದ್ದೇನೆ. ಹೊಸ ಟೀಚರುಗಳನ್ನು ಆರಿಸುವ ಸಮಿತಿಯಲ್ಲೂ ಕೂತಿದ್ದೇನೆ. ಹಾಗಾಗಿ ಇಲ್ಲಿನ ಮಾತೆಲ್ಲ ಯುಎಇಗೆ, ಅದರಲ್ಲೂ ದುಬೈಗೆ ಅನ್ವಯಿಸುವಂಥದ್ದು. ಬೇರೆ ದೇಶಕ್ಕೆ ಹೊರಟವರು ಅಲ್ಲಿನ ಕಾನೂನನ್ನು ಬೇರೆಯಾಗಿ ವಿಚಾರಿಸಿಕೊಳ್ಳಬೇಕು.

ಶಿವಮೊಗ್ಗದ ಓದುಗರೊಬ್ಬರು: ಮೇಡಂ, ನನಗೆ 34 ವರ್ಷ. ಎಂ.ಎಸ್ಸಿ., ಬಿ.ಎಡ್. ಆಗಿದೆ. ಸಿಬಿಎಸ್‌ಇ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ. ದುಬೈಯ ಒಂದು ಇಂಟರ್‌ನ್ಯಾಷನಲ್ ಶಾಲೆಯಿಂದ ಆಫರ್ ಬಂದಿದೆ, ತಿಂಗಳಿಗೆ 6,000 ದಿರ್ಹಂ ಅಂದಿದ್ದಾರೆ. ಏಜೆಂಟ್ ಒಂದೂವರೆ ಲಕ್ಷ ರೂಪಾಯಿ ಕೇಳುತ್ತಿದ್ದಾರೆ. ‘ಈಗ ವಿಸಿಟ್ ವೀಸಾದಲ್ಲಿ ಬಂದು ಕೆಲಸ ಶುರು ಮಾಡಿ, ಆಮೇಲೆ ವೀಸಾ ಬದಲಾಯಿಸೋಣ’ ಅನ್ನುತ್ತಾರೆ. ಯಜಮಾನರು ಮತ್ತು 6 ವರ್ಷದ ಮಗನನ್ನೂ ಕರೆದುಕೊಂಡು ಹೋಗುವ ಆಸೆ. ಜಾಸ್ತಿ ಪ್ರಶ್ನೆ ಕೇಳಿದರೆ ಆಫರ್ ಕೈತಪ್ಪಿ ಹೋಗುತ್ತದೆ ಅಂತ ಮನೆಯಲ್ಲಿ ಹೆದರಿಸುತ್ತಿದ್ದಾರೆ. ಏನು ಮಾಡಲಿ?

ಮೊದಲು ದುಡ್ಡಿನ ವಿಷಯ. ಆ ಏಜೆಂಟರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಯುಎಇಯ ಈಗಿನ ಕಾರ್ಮಿಕ ಕಾನೂನು 2022ರ ಫೆಬ್ರವರಿ 2ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ನೇಮಕಾತಿಯ ಖರ್ಚನ್ನು ಕೆಲಸಕ್ಕೆ ಬರುವವರಿಂದ ನೇರವಾಗಿಯಾಗಲಿ, ಬೇರೆ ಹೆಸರಿನಲ್ಲಾಗಲಿ ವಸೂಲಿ ಮಾಡುವಂತಿಲ್ಲ. ವರ್ಕ್ ಪರ್ಮಿಟ್, ರೆಸಿಡೆನ್ಸ್ ವೀಸಾ ಎಲ್ಲ ಶಾಲೆಯ ಖರ್ಚು. ಇನ್ನು ನಮ್ಮ ದೇಶದ ಕಡೆ ನೋಡಿದರೆ, ವಿದೇಶಕ್ಕೆ ಜನರನ್ನು ಕಳಿಸುವ ಏಜೆಂಟರು 1983ರ ಎಮಿಗ್ರೇಷನ್ ಕಾಯ್ದೆಯಡಿ ನೋಂದಣಿ ಮಾಡಿಸಿರಬೇಕು. ಹಾಗೆ ನೋಂದಣಿಯಾದವರೂ ಸೇವಾ ಶುಲ್ಕ ಅಂತ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿಗಿಂತ ಹೆಚ್ಚು ಕೇಳುವಂತಿಲ್ಲ. ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ತಾಣದಲ್ಲಿ ಏಜೆಂಟರ ಹೆಸರು ಹುಡುಕಿ. ಸಿಗದಿದ್ದರೆ ಅವರ ಜೊತೆ ಮಾತೇ ಬೇಡ. ಒಂದೂವರೆ ಲಕ್ಷ ಕೇಳಿದ್ದಾರೆ ಅಂದಮೇಲೆ ನನಗಂತೂ ಅವರ ಮೇಲೆ ನಂಬಿಕೆ ಇಲ್ಲ.

ವಿಸಿಟ್ ವೀಸಾದಲ್ಲಿ ಬಂದು ಇಂಟರ್‌ವ್ಯೂಗೆ ಹೋಗಬಹುದು. ತರಗತಿಗೆ ಕಾಲಿಟ್ಟು ಪಾಠ ಶುರು ಮಾಡುವಂತಿಲ್ಲ. ಪರ್ಮಿಟ್ ಇಲ್ಲದವರಿಂದ ಕೆಲಸ ಮಾಡಿಸಿದರೆ 1 ಲಕ್ಷದಿಂದ 10 ಲಕ್ಷ ದಿರ್ಹಂವರೆಗೆ ದಂಡ ಅಂತ 2024ರಲ್ಲಿ ಕಾನೂನನ್ನೇ ಬಿಗಿ ಮಾಡಿದ್ದಾರೆ. ದಂಡ ಶಾಲೆಗೆ ಬೀಳುತ್ತದೆ ನಿಜ, ಆದರೆ ನೀವೂ ಸಿಕ್ಕಿಬೀಳುತ್ತೀರಿ. ಊರಲ್ಲಿದ್ದ ಕೆಲಸಕ್ಕೆ ಅಷ್ಟರಲ್ಲಿ ರಾಜೀನಾಮೆ ಕೊಟ್ಟಿರುತ್ತೀರಿ. ಎಂಪ್ಲಾಯ್‌ಮೆಂಟ್ ವೀಸಾದ ಎಂಟ್ರಿ ಪರ್ಮಿಟ್ ಕೈಗೆ ಬರುವವರೆಗೆ ಈಗಿನ ಕೆಲಸ ಬಿಡಬೇಡಿ.

ಎರಡನೆಯದು ಶಾಲೆ. ಹೆಸರಿನಲ್ಲಿ ಇಂಟರ್‌ನ್ಯಾಷನಲ್ ಅಂತ ಇದ್ದ ಮಾತ್ರಕ್ಕೆ ಏನೂ ಗೊತ್ತಾಗುವುದಿಲ್ಲ. ದುಬೈಯಲ್ಲಿ ಸಿಬಿಎಸ್‌ಇ, ಐಸಿಎಸ್‌ಇ, ಬ್ರಿಟಿಷ್, ಅಮೆರಿಕನ್, ಐಬಿ ಹೀಗೆ ನಾನಾ ಪಠ್ಯಕ್ರಮದ ಖಾಸಗಿ ಶಾಲೆಗಳಿವೆ. ಎಲ್ಲವನ್ನೂ ನೋಡಿಕೊಳ್ಳುವುದು ಕೆಎಚ್‌ಡಿಎ ಎಂಬ ಸರ್ಕಾರಿ ಸಂಸ್ಥೆ. ಅಬುಧಾಬಿಗೆ ಅಡೆಕ್, ಶಾರ್ಜಾಕ್ಕೆ ಸ್ಪಿಯಾ ಅಂತ ಬೇರೆ ಬೇರೆ ಇವೆ. ಕೆಎಚ್‌ಡಿಎ ತನ್ನ ತಾಣದಲ್ಲಿ ಶಾಲೆಗಳ ತಪಾಸಣಾ ವರದಿಗಳನ್ನು ಹಾಕಿದೆ. ಔಟ್‌ಸ್ಟ್ಯಾಂಡಿಂಗ್, ವೆರಿ ಗುಡ್, ಗುಡ್, ಆಕ್ಸೆಪ್ಟಬಲ್, ವೀಕ್, ವೆರಿ ವೀಕ್ ಅಂತ ಆರು ದರ್ಜೆ. ಯಾರು ಬೇಕಾದರೂ ಓದಬಹುದು.

ಎಲ್ಲರೂ ದರ್ಜೆ ನೋಡಿ ವರದಿ ಮುಚ್ಚಿಬಿಡುತ್ತಾರೆ. ನೀವು ಶುರುವಿನ ಪುಟಗಳಲ್ಲಿರುವ ಪಟ್ಟಿಯನ್ನು ಓದಿ. ಶಾಲೆಯಲ್ಲಿ ಎಷ್ಟು ಟೀಚರಿದ್ದಾರೆ, ಒಬ್ಬ ಟೀಚರಿಗೆ ಎಷ್ಟು ಮಕ್ಕಳು, ಒಂದು ವರ್ಷದಲ್ಲಿ ಶೇಕಡಾ ಎಷ್ಟು ಟೀಚರು ಬಿಟ್ಟು ಹೋದರು ಅಂತ ಅಲ್ಲಿ ಕೊಟ್ಟಿರುತ್ತಾರೆ. ನನ್ನ ಮಟ್ಟಿಗೆ ಆ ಕೊನೆಯ ಅಂಕಿಯೇ ಎಲ್ಲಕ್ಕಿಂತ ಮುಖ್ಯ. ಹಿಂದಿನ ಮೂರ್ನಾಲ್ಕು ವರ್ಷದ ವರದಿಗಳನ್ನೂ ತೆಗೆದು ನೋಡಿ. ವರ್ಷವರ್ಷವೂ ಮೂರರಲ್ಲಿ ಒಬ್ಬರು ಬಿಟ್ಟು ಹೋಗುತ್ತಿದ್ದರೆ ಅಲ್ಲೇನೋ ಸರಿ ಇಲ್ಲ ಅಂತಲೇ ಅರ್ಥ. 2024–25ರಲ್ಲಿ ಪೂರ್ಣ ತಪಾಸಣೆ ನಡೆಸಲಿಲ್ಲ. ಆದ್ದರಿಂದ ವರದಿಯ ವರ್ಷ ನೋಡಿಕೊಳ್ಳಿ.

ಈಗ ಆ 6,000 ದಿರ್ಹಂ. ಅದನ್ನು ಬಿಡಿಸಿ ಬರೆದುಕೊಡಿ ಅಂತ ಕೇಳಿ. ಬೇಸಿಕ್ ಎಷ್ಟು, ಮನೆ ಬಾಡಿಗೆಗೆ ಎಷ್ಟು, ಓಡಾಟಕ್ಕೆ ಎಷ್ಟು? ಇಲ್ಲಿ ಕೆಲಸ ಬಿಟ್ಟು ಹೋಗುವಾಗ ಸಿಗುವ ಗ್ರಾಚ್ಯುಟಿಯನ್ನು ಬೇಸಿಕ್ ಮೇಲೆ ಮಾತ್ರ ಲೆಕ್ಕ ಹಾಕುತ್ತಾರೆ. ಒಂದು ವರ್ಷ ಪೂರೈಸಿರಬೇಕು. ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನದ ಬೇಸಿಕ್, ಆಮೇಲಿನ ವರ್ಷಗಳಿಗೆ 30 ದಿನದ್ದು. ಲೆಕ್ಕ ಹಾಕಿ ನೋಡೋಣ. 6,000ದಲ್ಲಿ ಬೇಸಿಕ್ 2,400 ಇದ್ದರೆ ವರ್ಷಕ್ಕೆ 1,680 ದಿರ್ಹಂ, ಐದು ವರ್ಷಕ್ಕೆ 8,400. ಬೇಸಿಕ್ 3,600 ಇದ್ದರೆ ಐದು ವರ್ಷಕ್ಕೆ 12,600. ತಿಂಗಳ ಸಂಬಳ ಒಂದೇ, ಕೊನೆಗೆ ಕೈಗೆ ಬರುವುದರಲ್ಲಿ 4,200 ದಿರ್ಹಂ ವ್ಯತ್ಯಾಸ. ಊರಿನಲ್ಲಿರುವ ಹಾಗೆ ಪಿಎಫ್ ಇಲ್ಲಿ ನಿಮಗೆ ಇರುವುದಿಲ್ಲ. ಆದ್ದರಿಂದ ಈ ಸಾಲು ಮುಖ್ಯ.

ಮನೆಯವರನ್ನು ಕರೆಸಿಕೊಳ್ಳುವ ವಿಷಯ. ತಿಂಗಳಿಗೆ 4,000 ದಿರ್ಹಂ ಸಂಬಳ, ಅಥವಾ 3,000 ಮತ್ತು ಮನೆ ಇದ್ದರೆ ಕುಟುಂಬದ ವೀಸಾ ಮಾಡಿಸಬಹುದು. ಕಾನೂನು ಅಷ್ಟಕ್ಕೆ ಒಪ್ಪುತ್ತದೆ. ಸಂಸಾರ ಅಷ್ಟರಲ್ಲಿ ನಡೆಯುತ್ತದೆಯೇ ಅನ್ನುವುದು ಬೇರೆ ಪ್ರಶ್ನೆ. ನಿಮ್ಮ ಯಜಮಾನರಿಗೂ ಕೆಲಸ ಸಿಗುವವರೆಗೆ 6,000 ದಿರ್ಹಂನಲ್ಲಿ ಮೂವರ ಬಾಳು ಬಹಳ ಕಷ್ಟ. ಹಾಗಾಗಿ ತುಂಬಾ ಜನ ಬಾಡಿಗೆ ಕಮ್ಮಿ ಅಂತ ಶಾರ್ಜಾದಲ್ಲಿ ಮನೆ ಮಾಡಿ ಬೆಳಗಿನ ಜಾವಕ್ಕೇ ದುಬೈಗೆ ಹೊರಡುತ್ತಾರೆ. ಬಾಡಿಗೆಯನ್ನು ವರ್ಷಕ್ಕೆ ಇಷ್ಟು ಅಂತ ಮುಂದಿನ ತಾರೀಕಿನ ಚೆಕ್ಕುಗಳಲ್ಲಿ ಕೊಡಬೇಕು, ತಿಂಗಳು ತಿಂಗಳು ಅಲ್ಲ. ಅದಕ್ಕೆ ಮೊದಲ ದಿನಗಳಲ್ಲೇ ದೊಡ್ಡ ಮೊತ್ತ ಬೇಕಾಗುತ್ತದೆ. ದುಬೈಯಲ್ಲಿ ನಿಮ್ಮ ಆರೋಗ್ಯ ವಿಮೆ ಶಾಲೆಯ ಜವಾಬ್ದಾರಿ. ಗಂಡ, ಮಗುವಿನ ವಿಮೆ, ವೀಸಾ ಕರೆಸಿಕೊಳ್ಳುವವರ ತಲೆ ಮೇಲೆ, ಅಂದರೆ ನಿಮ್ಮ ಮೇಲೆ.

ಮಗನ ಫೀಸು ಮರೆಯಬೇಡಿ. ಟೀಚರ ಮಕ್ಕಳಿಗೆ ರಿಯಾಯಿತಿ ಇದೆ ಅಂತ ಹೇಳುತ್ತಾರೆ. ಶೇಕಡಾ ಎಷ್ಟು, ಮೊದಲ ವರ್ಷದಿಂದಲೇ ಇದೆಯೇ, ಮಗನ ತರಗತಿಯಲ್ಲಿ ಸೀಟು ಇದೆಯೇ ಅಂತ ಕೇಳಿ. ಸೀಟಿಲ್ಲದೆ ಬೇರೆ ಶಾಲೆಗೆ ಸೇರಿಸಬೇಕಾಗಿ ಬಂದರೆ ನಿಮ್ಮ ಸಂಬಳದ ದೊಡ್ಡ ಪಾಲು ಅಲ್ಲಿಗೇ ಹೋಗುತ್ತದೆ.

ಕೊನೆಗೆ ನಿಮ್ಮ ಮನೆಯವರ ಭಯದ ಬಗ್ಗೆ. ಇದನ್ನು ನಾನು ಮನಸ್ಸಿಟ್ಟು ಹೇಳುತ್ತಿದ್ದೇನೆ. ಇಂಟರ್‌ವ್ಯೂಗಳಲ್ಲಿ ಕೂತು ನಾನು ಮತ್ತೆ ಮತ್ತೆ ನೋಡಿದ್ದು ಇದೇ: ನಮ್ಮ ಕಡೆಯ ಟೀಚರುಗಳಿಗೆ ವಿಷಯ ಚೆನ್ನಾಗಿ ಗೊತ್ತಿರುತ್ತದೆ, ಪಾಠದ ಅನುಭವವೂ ಇರುತ್ತದೆ. ಕೊನೆಯಲ್ಲಿ ಪ್ರಿನ್ಸಿಪಾಲರು ‘ನಿಮ್ಮ ಪ್ರಶ್ನೆಗಳೇನು’ ಅಂದ ತಕ್ಷಣ ‘ಏನಿಲ್ಲ ಸರ್, ಥ್ಯಾಂಕ್ಯೂ’ ಅಂತ ಎದ್ದುಬಿಡುತ್ತಾರೆ. ಕೇಳುವುದು ದುರಹಂಕಾರ ಅಂತ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಒಳ್ಳೆಯ ಶಾಲೆಗಳು ಹಾಗೆ ನೋಡುವುದಿಲ್ಲ. ವಾರಕ್ಕೆ ಎಷ್ಟು ಪೀರಿಯಡ್, ಒಂದು ತರಗತಿಯಲ್ಲಿ ಎಷ್ಟು ಮಕ್ಕಳು, ನನಗಿಂತ ಮುಂಚೆ ಈ ಕೆಲಸದಲ್ಲಿದ್ದವರು ಯಾಕೆ ಬಿಟ್ಟರು, ಜುಲೈ-ಆಗಸ್ಟ್ ರಜೆಯ ಸಂಬಳ ಕೊಡುತ್ತೀರಾ, ಊರಿಗೆ ವಿಮಾನದ ಟಿಕೆಟ್ ವರ್ಷಕ್ಕೊಮ್ಮೆಯೋ ಎರಡು ವರ್ಷಕ್ಕೊಮ್ಮೆಯೋ, ಈಗ ಅಲ್ಲಿರುವ ಗಣಿತದ ಟೀಚರ್ ಜೊತೆ ನಾನೊಮ್ಮೆ ಮಾತಾಡಬಹುದೇ – ಹೀಗೆ ಕೇಳಿದವರನ್ನು ನಾವು ಗೌರವದಿಂದ ನೆನಪಿಟ್ಟುಕೊಂಡಿದ್ದೇವೆ. ಉತ್ತರವನ್ನು ಇಮೇಲಿನಲ್ಲಿ ಬರೆಸಿಕೊಳ್ಳಿ. ಈ ಪ್ರಶ್ನೆಗಳಿಗೆ ಸಿಟ್ಟಾಗುವ ಶಾಲೆಗೆ ನೀವು ಹೋಗದಿರುವುದೇ ಒಳ್ಳೆಯದು.

ಗದಗದಿಂದ: ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಹಿಂದೆ ಎರಡು ಇನಿಷಿಯಲ್ ಇದೆ. ಪಾಸ್‌ಪೋರ್ಟಿನಲ್ಲಿ ನನ್ನ ಹೆಸರು ಮಾತ್ರ ಇದೆ, ಸರ್‌ನೇಮ್ ಜಾಗ ಖಾಲಿ. ತೊಂದರೆ ಆಗುತ್ತದಾ? ಕಾಗದ ಪತ್ರಕ್ಕೆ ಏನೇನು ಮಾಡಿಸಬೇಕು?

ಆಗುತ್ತದೆ. ಮೊದಲು ಪಾಸ್‌ಪೋರ್ಟ್ ಸರಿ ಮಾಡಿಸಿ. ಪಾಸ್‌ಪೋರ್ಟಿನಲ್ಲಿ ಒಂದೇ ಪದದ ಹೆಸರಿದ್ದು, ಸರ್‌ನೇಮ್ ಖಾಲಿ ಇದ್ದವರಿಗೆ ಪ್ರವೇಶವಿಲ್ಲ ಅಂತ 2022ರ ನವೆಂಬರಿನಲ್ಲಿ ಯುಎಇ ಹೇಳಿತು. ಆಮೇಲೆ ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ ತಂದೆಯ ಹೆಸರಿದ್ದರೆ ನಡೆಯುತ್ತದೆ ಅಂತ ಸಡಿಲ ಮಾಡಿದರು. ಆದರೂ ಪ್ರತಿ ಕೌಂಟರಿನಲ್ಲೂ ವಿವರಿಸುತ್ತಾ ನಿಲ್ಲುವ ಕಷ್ಟ ಯಾಕೆ? ಇನಿಷಿಯಲ್ಲನ್ನು ಪೂರ್ತಿಯಾಗಿ ಬರೆಸಿ ಊರಿನ ಹೆಸರೋ ತಂದೆಯ ಹೆಸರೋ ಸರ್‌ನೇಮ್ ಮಾಡಿಸಿಕೊಳ್ಳಿ. ಅಂಕಪಟ್ಟಿಯ ಹೆಸರೂ ಇದೂ ಒಬ್ಬರದೇ ಅಂತ ಅಫಿಡವಿಟ್ ಇಟ್ಟುಕೊಳ್ಳಿ.

ಸರ್ಟಿಫಿಕೇಟುಗಳ ಅಟೆಸ್ಟೇಷನ್ ಹಂತ ಹಂತವಾಗಿ ನಡೆಯುತ್ತದೆ. ಪದವಿ, ಬಿ.ಎಡ್. ಪತ್ರಗಳು ಅಸಲಿಯೇ ಅಂತ ನಿಮ್ಮ ವಿಶ್ವವಿದ್ಯಾಲಯ ಖಾತ್ರಿಪಡಿಸಬೇಕು. ಅಲ್ಲಿಂದ ಬೆಂಗಳೂರಿನಲ್ಲಿ ರಾಜ್ಯದ ಉನ್ನತ ಶಿಕ್ಷಣ ಇಲಾಖೆ, ಆಮೇಲೆ ವಿದೇಶಾಂಗ ಸಚಿವಾಲಯ, ಆಮೇಲೆ ಭಾರತದಲ್ಲಿರುವ ಯುಎಇ ರಾಯಭಾರ ಕಚೇರಿ, ಕೊನೆಗೆ ಯುಎಇಗೆ ಬಂದ ಮೇಲೆ ಅಲ್ಲಿನ ವಿದೇಶಾಂಗ ಇಲಾಖೆ. ಓಮನ್, ಬಹ್ರೇನ್, ಸೌದಿಗೆ ಹೋಗುವವರಿಗೆ ಇಷ್ಟೆಲ್ಲ ಬೇಡ, ಆ ದೇಶಗಳು ಅಪೊಸ್ಟಿಲ್ ಒಪ್ಪಂದಕ್ಕೆ (ಒಂದು ದೇಶದ ಸರ್ಕಾರ ಹಾಕಿದ ದೃಢೀಕರಣವನ್ನು ಉಳಿದ ಸದಸ್ಯ ದೇಶಗಳೂ ಒಪ್ಪುವ ವ್ಯವಸ್ಥೆ) ಸೇರಿವೆ. ಯುಎಇ ಸೇರಿಲ್ಲ. ವಿಶ್ವವಿದ್ಯಾಲಯದ ಹಂತವೇ ಎಲ್ಲಕ್ಕಿಂತ ನಿಧಾನ. ಆಫರ್ ಬರಲಿ ಅಂತ ಕಾಯದೆ ಈಗಲೇ ಶುರು ಮಾಡಿ.

ದೂರಶಿಕ್ಷಣದಲ್ಲಿ ಬಿ.ಎಡ್. ಮಾಡಿದ್ದರೆ ಶಾಲೆಗೆ ಮೊದಲೇ ಹೇಳಿ. ನೀವು ತರಗತಿಗೆ ಹೋಗಿ ಓದಿದ್ದೋ ಮನೆಯಲ್ಲಿ ಕೂತು ಓದಿದ್ದೋ ಅನ್ನುವುದನ್ನು ಇಲ್ಲಿ ಬಹಳ ನೋಡುತ್ತಾರೆ. 2018ರಲ್ಲಿ ಅಂಕಪಟ್ಟಿಯಲ್ಲಿ ಇಂಟರ್ನಲ್, ಎಕ್ಸ್‌ಟರ್ನಲ್ ಅಂಕ ಅಂತ ಇದ್ದದ್ದಕ್ಕೇ ಎಷ್ಟೋ ಭಾರತೀಯ ಟೀಚರುಗಳ ಪದವಿ ಮಾನ್ಯತೆ ನಿಂತುಹೋಗಿತ್ತು. ಎಕ್ಸ್‌ಟರ್ನಲ್ ಅಂದರೆ ಹೊರಗಿನಿಂದ ಓದಿದವರು ಅಂತ ಅಧಿಕಾರಿಗಳು ತಿಳಿದಿದ್ದರು. ಕಾನ್ಸುಲೇಟ್, ಎಂಬೆಸಿಯವರು ಮಾತಾಡಿ ಅದನ್ನು ಬಗೆಹರಿಸಬೇಕಾಯಿತು. ರೆಗ್ಯುಲರ್ ಆಗಿ ಓದಿದ್ದರೆ ಹಾಗಂತ ವಿಶ್ವವಿದ್ಯಾಲಯದಿಂದ ಒಂದು ಪತ್ರ ತೆಗೆದಿಟ್ಟುಕೊಳ್ಳಿ.

ಪೊಲೀಸ್ ಕ್ಲಿಯರೆನ್ಸ್ ಪತ್ರವನ್ನು ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಮಾಡಿಸಬಹುದು. ಈಗಿನ ಪ್ರಿನ್ಸಿಪಾಲರಿಗೂ ವಿಷಯ ತಿಳಿಸಿಬಿಡಿ. ಒಳ್ಳೆಯ ಶಾಲೆಗಳು ನೀವು ಕೊಟ್ಟ ಪ್ರಶಂಸಾ ಪತ್ರವನ್ನು ನಂಬಿ ಕೂರುವುದಿಲ್ಲ. ಮಕ್ಕಳ ಸುರಕ್ಷತೆಯ ದೃಷ್ಟಿಯಿಂದ ನೇರವಾಗಿ ನಿಮ್ಮ ಶಾಲೆಗೇ ಕೇಳುತ್ತಾರೆ.

ಮೈಸೂರಿನಿಂದ: ಪಿಯು ಮತ್ತು ಸಿಬಿಎಸ್‌ಇ ಹನ್ನೆರಡನೇ ತರಗತಿಗೆ ಗಣಿತ ಹೇಳಿಕೊಟ್ಟ ಅನುಭವ ಇದೆ. ಐಬಿ ಶಾಲೆಯೊಂದು ಇಂಟರ್‌ವ್ಯೂಗೆ ಕರೆದಿದೆ, ಡೆಮೊ ಪಾಠ ಮಾಡಬೇಕಂತೆ. ಐಬಿ ನಿಜಕ್ಕೂ ಅಷ್ಟು ಬೇರೆಯಾ? ಸರ್ಟಿಫಿಕೇಟ್ ಕೋರ್ಸ್ ಏನಾದರೂ ಮಾಡಿಕೊಳ್ಳಲಾ?

ಇದು ನನ್ನ ಮನಸ್ಸಿಗೆ ಹತ್ತಿರದ ಪ್ರಶ್ನೆ. ಗಣಿತ ಅದೇ, ಟೀಚರ ಕೆಲಸ ಬೇರೆ.

ಐಬಿ ಸಂಸ್ಥೆ 1968ರಲ್ಲಿ ಜಿನೀವಾದಲ್ಲಿ ಶುರುವಾಯಿತು. ನಮ್ಮ ಪಿಯು ಮಟ್ಟದ ಎರಡು ವರ್ಷದ ಕೋರ್ಸಿಗೆ ಡಿಪ್ಲೊಮಾ ಪ್ರೋಗ್ರಾಂ ಅನ್ನುತ್ತಾರೆ. ಆರು ವಿಷಯ, ಪ್ರತಿಯೊಂದಕ್ಕೂ 7 ಅಂಕ. ಜೊತೆಗೆ 4,000 ಪದಗಳವರೆಗಿನ ಸ್ವಂತ ಸಂಶೋಧನಾ ಪ್ರಬಂಧ ಮತ್ತು ಥಿಯರಿ ಆಫ್ ನಾಲೆಡ್ಜ್ ಎಂಬ ವಿಷಯಕ್ಕೆ ಸೇರಿ 3. ಒಟ್ಟು 45. ಗಣಿತದಲ್ಲಿ 2019ರಿಂದ ಎರಡು ದಾರಿ ಇವೆ: ಅನಾಲಿಸಿಸ್ ಒಂದು, ಅಪ್ಲಿಕೇಷನ್ಸ್ ಇನ್ನೊಂದು. ಮೊದಲನೆಯದರಲ್ಲಿ ಒಂದು ಪೇಪರಿಗೆ ಕ್ಯಾಲ್ಕುಲೇಟರ್ ಇಲ್ಲ. ಎರಡನೆಯದರಲ್ಲಿ ಎಲ್ಲ ಪೇಪರಿಗೂ ಗ್ರಾಫಿಕ್ ಕ್ಯಾಲ್ಕುಲೇಟರ್ ಬೇಕು. ಇಂಟರ್‌ವ್ಯೂಗೆ ಮುಂಚೆ ಆ ಯಂತ್ರವನ್ನು ಕೈಯಲ್ಲಿ ಹಿಡಿದು ಕಲಿಯಿರಿ. ನಮ್ಮಲ್ಲಿ ಅದರ ಬಳಕೆ ಇಲ್ಲದಿರುವುದರಿಂದ ಎಷ್ಟೋ ಒಳ್ಳೆಯ ಟೀಚರು ಅಲ್ಲಿಯೇ ತಡವರಿಸುತ್ತಾರೆ.

ನಿಜವಾದ ವ್ಯತ್ಯಾಸ ಇರುವುದು ಇಂಟರ್ನಲ್ ಅಸೆಸ್‌ಮೆಂಟಿನಲ್ಲಿ. ಪ್ರತಿ ಮಗುವೂ ತನಗೆ ಇಷ್ಟವಾದ ಒಂದು ಸಂಗತಿಯನ್ನು ತೆಗೆದುಕೊಂಡು ಹನ್ನೆರಡರಿಂದ ಇಪ್ಪತ್ತು ಪುಟದ ಗಣಿತದ ಬರಹ ಸಿದ್ಧಮಾಡಬೇಕು. ಅಂತಿಮ ಅಂಕದಲ್ಲಿ ಇದರ ಪಾಲು ಶೇಕಡಾ 20. ಒಂದು ಉದಾಹರಣೆ ಹೇಳುತ್ತೇನೆ. ನನ್ನ ಒಬ್ಬ ವಿದ್ಯಾರ್ಥಿ ತನ್ನ ಮನೆಯ ಕರೆಂಟ್ ಬಿಲ್ಲುಗಳನ್ನು ತಂದ. ದುಬೈಯಲ್ಲಿ ಬೇಸಿಗೆ ತಿಂಗಳುಗಳಲ್ಲಿ ಎಸಿಯಿಂದ ಬಿಲ್ಲು ಏರುತ್ತದೆ, ಜನವರಿಯಲ್ಲಿ ಇಳಿಯುತ್ತದೆ. ಗ್ರಾಫ್ ಬರೆದರೆ ಅಲೆಯ ಹಾಗೆ ಕಾಣುತ್ತದೆ. ಅವನು ಅದಕ್ಕೊಂದು ಸೈನ್ ಫಂಕ್ಷನ್ ಹೊಂದಿಸಿದ್ದ. ಡ್ರಾಫ್ಟ್ ನೋಡಿದ ಕೂಡಲೇ ತಪ್ಪು ಕಣ್ಣಿಗೆ ಬಿತ್ತು: ಹನ್ನೆರಡು ತಿಂಗಳಿಗೆ ಒಂದು ಸುತ್ತು ಮುಗಿಯಬೇಕಿತ್ತು, ಅವನದು ಆರು ತಿಂಗಳಿಗೇ ಮುಗಿಯುತ್ತಿತ್ತು. ಊರಿನ ನಮ್ಮ ಅಭ್ಯಾಸ ಏನು? ಕೆಂಪು ಪೆನ್ನು ತೆಗೆದು ಸರಿಯಾದ ಸಮೀಕರಣ ಬರೆದುಬಿಡುವುದು. ಇಲ್ಲಿ ಹಾಗೆ ಮಾಡುವಂತಿಲ್ಲ. ಟೀಚರ್ ಒಂದೇ ಒಂದು ಡ್ರಾಫ್ಟಿಗೆ ಸಲಹೆ ಕೊಡಬಹುದು, ಅದೂ ತಿದ್ದಿ ಕೊಡದೆ. ‘ನಿನ್ನ ಗ್ರಾಫಿನ ಒಂದು ಸುತ್ತು ಎಷ್ಟು ತಿಂಗಳಿನದು, ಬಿಲ್ಲಿನಲ್ಲಿ ಹಾಗೆ ಇದೆಯಾ, ನೋಡು’ ಅಂತ ಬರೆದುಕೊಟ್ಟೆ. ಮುಂದಿನದು ಅವನ ಕೆಲಸ. ಅವನು ಎಲ್ಲಿ ಎಡವಿದೆ ಅನ್ನುವುದನ್ನೂ ಬರಹದಲ್ಲೇ ವಿವರಿಸಿದ. ಅದಕ್ಕೂ ಅಂಕ ಇದೆ, ತನ್ನ ಕೆಲಸವನ್ನು ತಾನೇ ವಿಮರ್ಶೆ ಮಾಡಿಕೊಳ್ಳುವುದಕ್ಕೆ.

ಈ ಬರಹಗಳಿಗೆ ಅಂಕ ಹಾಕುವುದು ಟೀಚರೇ. ಆದರೆ ಅವುಗಳಲ್ಲಿ ಕೆಲವನ್ನು ಐಬಿ ತರಿಸಿಕೊಂಡು ಪರೀಕ್ಷಿಸುತ್ತದೆ. ನೀವು ಧಾರಾಳವಾಗಿ ಅಂಕ ಕೊಟ್ಟಿದ್ದರೆ ನಿಮ್ಮ ತರಗತಿಯ ಎಲ್ಲ ಮಕ್ಕಳ ಅಂಕವೂ ಇಳಿಯುತ್ತದೆ. ಮಕ್ಕಳ ಮೇಲಿನ ಪ್ರೀತಿಗೆ ಅಂಕ ಏರಿಸಿದರೆ ಮಕ್ಕಳಿಗೇ ನಷ್ಟ.

ಡೆಮೊ ಪಾಠದಲ್ಲಿ ಬೋರ್ಡ್ ತುಂಬಾ ಬರೆಯಬೇಡಿ. ಒಂದು ಒಳ್ಳೆಯ ಪ್ರಶ್ನೆ ಕೊಟ್ಟು ಮಕ್ಕಳು ಯೋಚಿಸುವವರೆಗೆ ಸುಮ್ಮನೆ ಕಾಯಿರಿ. ಆ ಮೌನ ನಮಗೆ ಕಷ್ಟ, ಆದರೆ ನೋಡುವವರು ಅದನ್ನೇ ಗಮನಿಸುತ್ತಾರೆ. ‘ಮಿಸ್, ನಾನು ಒಪ್ಪಲ್ಲ’ ಅಂತ ಒಂದು ಮಗು ಹೇಳಿದರೆ ಅದು ಎದುರುತ್ತರ ಅಲ್ಲ. ‘ಯಾಕೆ, ಹೇಳು’ ಅನ್ನಿ. ನಿಮ್ಮ ಇಂಗ್ಲಿಷಿನ ಉಚ್ಚಾರಣೆ ಬದಲಾಯಿಸಿಕೊಳ್ಳಲು ಹೋಗಬೇಡಿ. ನಿಧಾನವಾಗಿ, ಸ್ಪಷ್ಟವಾಗಿ ಮಾತಾಡಿದರೆ ಸಾಕು. ಒಂದೇ ತರಗತಿಯಲ್ಲಿ ಕೊರಿಯಾ, ಈಜಿಪ್ಟ್, ರಷ್ಯಾದ ಮಕ್ಕಳಿರುತ್ತಾರೆ, ಅವರಲ್ಲೂ ಹಲವರಿಗೆ ಇಂಗ್ಲಿಷ್ ಮನೆಮಾತಲ್ಲ.

ಕೋರ್ಸಿನ ವಿಷಯ. ಬ್ರಿಟಿಷ್ ಶಾಲೆಗಳು ಹೆಚ್ಚಾಗಿ ಕ್ಯೂಟಿಎಸ್ (ಇಂಗ್ಲೆಂಡಿನ ಅಧಿಕೃತ ಟೀಚರ್ ಅರ್ಹತೆ) ಇರುವವರನ್ನು ಹುಡುಕುತ್ತವೆ. ಆನ್‌ಲೈನಿನಲ್ಲಿ ಮಾಡುವ ಪಿಜಿಸಿಇ-ಐ ಎಂಬ ಟೀಚರ್ ತರಬೇತಿ ಕೋರ್ಸ್ ಒಳ್ಳೆಯ ಓದು, ಆದರೆ ಅದರಿಂದ ಕ್ಯೂಟಿಎಸ್ ಸಿಗುವುದಿಲ್ಲ. ಇದನ್ನು ಗೊತ್ತಿಲ್ಲದೆ ಲಕ್ಷಗಟ್ಟಲೆ ಸುರಿದವರಿದ್ದಾರೆ. ಹೊರದೇಶದಲ್ಲಿದ್ದುಕೊಂಡೇ ಮಾಡುವ ಐಕ್ಯೂಟಿಎಸ್ ಅಂತ ಬೇರೊಂದಿದೆ, ಬ್ರಿಟಿಷ್ ಸರ್ಕಾರವೇ ಮಾನ್ಯ ಮಾಡಿದ್ದು. ನಿಮ್ಮ ಗುರಿ ಐಬಿ ಆದರೆ ಮೊದಲು ಕೆಲಸಕ್ಕೆ ಸೇರಿ. ಐಬಿ ತರಬೇತಿಗಳಿಗೆ ಶಾಲೆ ಕಳಿಸುತ್ತದೆಯೇ, ಖರ್ಚು ಯಾರದು ಅಂತ ಇಂಟರ್‌ವ್ಯೂನಲ್ಲೇ ಕೇಳಿ.

ಪುತ್ತೂರಿನಿಂದ: ಮದುವೆಯಾಗಿ ಒಂದು ವರ್ಷ. ಅಲ್ಲಿ ಹೆರಿಗೆ ರಜೆ ಎಷ್ಟು ಸಿಗುತ್ತದೆ?

60 ದಿನ. ಅದರಲ್ಲಿ 45 ದಿನ ಪೂರ್ತಿ ಸಂಬಳ, 15 ದಿನ ಅರ್ಧ. ಊರಿನಲ್ಲಿ 26 ವಾರ ಇದೆ, ಹೋಲಿಸಿ ನೋಡಿ. ಕೆಲವು ಶಾಲೆಗಳು ಇದಕ್ಕಿಂತ ಹೆಚ್ಚು ಕೊಡುತ್ತವೆ, ಕರಾರಿನಲ್ಲಿ ಇದ್ದರೆ ಮಾತ್ರ ನಂಬಿ. ಇಲ್ಲಿ ಅಮ್ಮ, ಅತ್ತೆ ಹತ್ತಿರ ಇರುವುದಿಲ್ಲ. ಅವರನ್ನು ಕರೆಸಿಕೊಳ್ಳುವ ವೀಸಾ, ಖರ್ಚು ಎಲ್ಲ ಮೊದಲೇ ಯೋಚಿಸಿ. ವಿಮೆಯಲ್ಲಿ ಹೆರಿಗೆಗೆ ಎಷ್ಟು ಹಣ ಬರುತ್ತದೆ ಅಂತ ಪಾಲಿಸಿ ಓದಿ ತಿಳಿದುಕೊಳ್ಳಿ.

ವಿಜಯಪುರದಿಂದ: ಸೇರಿದ ಮೇಲೆ ಹೊಂದಿಕೆ ಆಗದಿದ್ದರೆ ವಾಪಸ್ ಬರಬಹುದಾ? ದಂಡ ಕಟ್ಟಬೇಕಾ?

ಬರಬಹುದು. ಪ್ರೊಬೇಷನ್ ಗರಿಷ್ಠ ಆರು ತಿಂಗಳು. ಆ ಅವಧಿಯಲ್ಲಿ ದೇಶ ಬಿಟ್ಟು ಹೋಗುವುದಾದರೆ 14 ದಿನ ಮುಂಚೆ ಬರೆದುಕೊಡಬೇಕು. ಯುಎಇಯಲ್ಲೇ ಬೇರೆ ಕಡೆ ಸೇರುವುದಾದರೆ ಒಂದು ತಿಂಗಳು. ಪ್ರೊಬೇಷನ್ ಮುಗಿದ ಮೇಲೆ ಕರಾರಿನಲ್ಲಿ ಹೇಳಿದ ಹಾಗೆ 30ರಿಂದ 90 ದಿನದ ನೋಟಿಸು. ‘ಮಧ್ಯದಲ್ಲಿ ಬಿಟ್ಟರೆ ವೀಸಾ ಖರ್ಚು ಕಟ್ಟಬೇಕು’ ಅಂತ ಬಿಳಿ ಹಾಳೆ ಮೇಲೆ ಸಹಿ ಕೇಳಿದರೆ ಹಾಕಬೇಡಿ. ಒಂದು ಮಾತ್ರ ನನ್ನ ಕಡೆಯಿಂದ: ಜೀವಕ್ಕೆ, ಮರ್ಯಾದೆಗೆ ತೊಂದರೆ ಇಲ್ಲದಿದ್ದರೆ ಟರ್ಮ್ ಮುಗಿಸಿ ಹೊರಡಿ. ಪರೀಕ್ಷೆಗೆ ಎರಡು ತಿಂಗಳಿರುವಾಗ ಟೀಚರ್ ಬಿಟ್ಟು ಹೋದ ತರಗತಿಯ ಮಕ್ಕಳ ಪಾಡು ನಾನು ನೋಡಿದ್ದೇನೆ.

ಕಾರ್ಕಳದ ಹಿರಿಯರೊಬ್ಬರು: ಅಮ್ಮಾ, ಮಗಳಿಗೆ 26 ವರ್ಷ. ಪ್ರೈಮರಿ ಟೀಚರ್. ಒಬ್ಬಳೇ ದುಬೈಗೆ ಹೊರಟಿದ್ದಾಳೆ. ಧೈರ್ಯವಾಗಿ ಕಳಿಸಬಹುದೇ?

ಕಳಿಸಿ ಸರ್. ರಾತ್ರಿ ಹೊತ್ತು ಹೆಣ್ಣುಮಕ್ಕಳು ಒಬ್ಬರೇ ಮೆಟ್ರೊದಲ್ಲಿ ಓಡಾಡುವ ಊರು ಇದು. ನಿಮ್ಮ ಕಡೆಯವರೂ ಇಲ್ಲಿ ಬೇಕಾದಷ್ಟು ಜನ ಇದ್ದಾರೆ. ಮಂಗಳೂರಿನಿಂದ ನೇರ ವಿಮಾನ ಇದೆ, ಕನ್ನಡ ಸಂಘಗಳಿವೆ, ಮಕ್ಕಳಿಗೆ ಕನ್ನಡ ಕಲಿಸುವ ಪಾಠಶಾಲೆಯೂ ಇದೆ.

ಮಗಳಿಗೆ ಇವಿಷ್ಟು ಹೇಳಿ ಕಳಿಸಿ. ಪಾಸ್‌ಪೋರ್ಟ್ ಅವಳ ಹತ್ತಿರವೇ ಇರಬೇಕು, ಶಾಲೆ ಇಟ್ಟುಕೊಳ್ಳುವುದು ಕಾನೂನುಬಾಹಿರ. ಕರಾರಿನ ಪ್ರತಿ ಒಂದು ನಿಮ್ಮ ಮನೆಯಲ್ಲೂ ಇರಲಿ. ಶಾಲೆ ಕೊಡುವ ವಸತಿಯಲ್ಲಿ ರೂಮು ಒಬ್ಬರಿಗೋ ಇಬ್ಬರಿಗೋ ಅಂತ ಹೊರಡುವ ಮುಂಚೆ ಬರೆಸಿಕೊಳ್ಳಲಿ. ಸಂಬಳ ತಡವಾದರೆ, ಯಾರಾದರೂ ಕಿರುಕುಳ ಕೊಟ್ಟರೆ ಯುಎಇಯಲ್ಲಿ ಭಾರತ ಸರ್ಕಾರದ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರ ಇದೆ. ಅದರ ಉಚಿತ ಫೋನ್ 800 46342.

ಊರಿನಲ್ಲಿ ಸಹಜ ಅನ್ನಿಸುವ ಕೆಲವು ಸಂಗತಿ ಇಲ್ಲಿ ಅಪರಾಧ. ತರಗತಿಯ ಮಕ್ಕಳ ಫೋಟೊ ತೆಗೆದು ವಾಟ್ಸಾಪ್ ಸ್ಟೇಟಸಿಗೆ ಹಾಕುವಂತಿಲ್ಲ. ಒಪ್ಪಿಗೆ ಇಲ್ಲದೆ ಬೇರೆಯವರ ಚಿತ್ರ ಹಂಚಿದರೆ ಸೈಬರ್ ಕಾನೂನಿನಡಿ ದೊಡ್ಡ ದಂಡ. ಊರಿನ ಯಾರದೋ ಆಪರೇಷನ್ನಿಗೆ ಅಂತ ಸಹೋದ್ಯೋಗಿಗಳಿಂದ ಚಂದಾ ಎತ್ತುವುದೂ ಹಾಗೆಯೇ, ಅನುಮತಿ ಪಡೆದ ಸಂಸ್ಥೆಗಳು ಮಾತ್ರ ಹಣ ಸಂಗ್ರಹಿಸಬಹುದು. ಇದು ಒಳ್ಳೆಯ ಮನಸ್ಸಿನವರೇ ಸಿಕ್ಕಿಕೊಳ್ಳುವ ಜಾಗ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ. ಪ್ರೈಮರಿ ಟೀಚರ್ ಅಂದಿರಿ. ಮಗುವನ್ನು ಹೊಡೆಯುವುದಂತೂ ದೂರ, ಕೈ ಹಿಡಿದು ಎಳೆದರೂ, ಎಲ್ಲರೆದುರು ಗದರಿ ಅವಮಾನ ಮಾಡಿದರೂ ಕೆಲಸ ಹೋಗಬಹುದು. ರಂಜಾನ್ ತಿಂಗಳಲ್ಲಿ ಶಾಲೆ ಬೇಗ ಬಿಡುತ್ತದೆ, ಉಪವಾಸ ಮಾಡುವ ಮಕ್ಕಳೆದುರು ತಿನ್ನದಿರುವುದು ಅವಳಿಗೆ ತಾನಾಗೇ ಅಭ್ಯಾಸವಾಗುತ್ತದೆ. 2022ರಿಂದ ಶನಿವಾರ, ಭಾನುವಾರ ರಜೆ, ಶುಕ್ರವಾರ ಅರ್ಧ ದಿನ. ಭಾನುವಾರ ನಿಮ್ಮ ಜೊತೆ ಮಾತಾಡಲು ಬಿಡುವಾಗಿರುತ್ತಾಳೆ.

ದಾವಣಗೆರೆಯಿಂದ: ಸಂಬಳ ಸಾಲದಿದ್ದರೆ ಸಂಜೆ ಮನೆಯಲ್ಲಿ ಟ್ಯೂಷನ್ ಮಾಡಬಹುದಲ್ವಾ?

ಪರ್ಮಿಟ್ ಇಲ್ಲದೆ ಬೇಡ. 2023ರ ಡಿಸೆಂಬರಿನಿಂದ ಯುಎಇ ಖಾಸಗಿ ಪಾಠಕ್ಕೆ ಪರ್ಮಿಟ್ ಕೊಡುತ್ತಿದೆ. ಎರಡು ವರ್ಷದ ಅವಧಿ, ಶುಲ್ಕ ಇಲ್ಲ, ಶಾಲೆಯಲ್ಲಿ ಕೆಲಸ ಮಾಡುವ ಟೀಚರೂ ಅರ್ಜಿ ಹಾಕಬಹುದು. ಹಾಗಿದ್ದರೂ ನಿಮ್ಮದೇ ತರಗತಿಯ ಮಗುವಿಗೆ ದುಡ್ಡು ತೆಗೆದುಕೊಂಡು ಪಾಠ ಹೇಳಬೇಡಿ. ಅದು ಸರಿಯಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಹಾಸನದಿಂದ: ಬ್ಯಾಂಕ್ ಖಾತೆ, ತೆರಿಗೆ ಏನಾದರೂ ಬದಲಾಗುತ್ತದಾ?

ಯುಎಇಯಲ್ಲಿ ಸಂಬಳಕ್ಕೆ ಆದಾಯ ತೆರಿಗೆ ಇಲ್ಲ. ಊರಿನ ನಿಮ್ಮ ಉಳಿತಾಯ ಖಾತೆಯನ್ನು ಎನ್‌ಆರ್‌ಒ (ಹೊರದೇಶದಲ್ಲಿರುವವರು ಊರಿನ ಆದಾಯಕ್ಕೆ ಇಟ್ಟುಕೊಳ್ಳುವ ಖಾತೆ) ಮಾಡಿಸಬೇಕು, ಇಲ್ಲಿಂದ ಹಣ ಕಳಿಸಲು ಎನ್‌ಆರ್‌ಇ ಖಾತೆ ತೆರೆಯಬೇಕು. ಈಗಿರುವ ಪಿಪಿಎಫ್ ಅವಧಿ ಮುಗಿಯುವವರೆಗೆ ಕಟ್ಟಬಹುದು, ಹೊಸದು ತೆರೆಯುವಂತಿಲ್ಲ. ಊರಿನ ಬಾಡಿಗೆ, ಬಡ್ಡಿಗೆ ಅಲ್ಲಿ ತೆರಿಗೆ ಇದ್ದೇ ಇದೆ. ಹೊರಡುವ ವರ್ಷದ ಲೆಕ್ಕಕ್ಕೆ ನಿಮ್ಮ ಆಡಿಟರನ್ನು ಒಮ್ಮೆ ಕಾಣಿ.

ಶಿರಸಿಯಿಂದ: ಆಗಸ್ಟಿಗೆ ಹೊರಡುತ್ತಿದ್ದೇನೆ ಅಕ್ಕಾ. ಪೆಟ್ಟಿಗೆಯಲ್ಲಿ ಏನು ತರಲಿ, ಏನು ಬಿಡಲಿ?

ಗಸಗಸೆ ಬೇಡವೇ ಬೇಡ. ಯುಎಇಯಲ್ಲಿ ಅದು ನಿಷೇಧ, ಏರ್‌ಪೋರ್ಟಿನಲ್ಲಿ ಸಿಕ್ಕಿದರೆ ಮಾದಕ ವಸ್ತು ಪ್ರಕರಣ ಆಗುತ್ತದೆ. ಮಸಾಲೆ ಪುಡಿಯಲ್ಲಿ ಸೇರಿಸಿದ್ದಾರೇನೋ ಅಂತ ಅಮ್ಮನನ್ನು ಕೇಳಿ. ಕೊಡೀನ್, ಟ್ರಮಡಾಲ್ ಇರುವ ಕೆಮ್ಮಿನ ಔಷಧಿ, ನೋವಿನ ಮಾತ್ರೆಗಳಿಗೆ ಮೊದಲೇ ಅನುಮತಿ ಬೇಕು. ಬೇರೆ ಮಾತ್ರೆಗಳಿದ್ದರೆ ವೈದ್ಯರ ಚೀಟಿ ಜೊತೆಗಿರಲಿ. ಅಕ್ಕಿ, ಬೇಳೆ, ತೆಂಗಿನಕಾಯಿ ಎಲ್ಲ ಕರಾಮಾದ ಅಂಗಡಿಗಳಲ್ಲಿ ಸಿಗುತ್ತದೆ, ಸುಮ್ನೆ ತೂಕ ಮಾಡಿಕೊಳ್ಳಬೇಡಿ. ಅಪ್ಪೆಮಿಡಿ ಉಪ್ಪಿನಕಾಯಿ ಮಾತ್ರ ಚೆನ್ನಾಗಿ ಕಟ್ಟಿಸಿ ತನ್ನಿ. ಮೊದಲ ಸಂಬಳ ಬರುವವರೆಗಿನ ಖರ್ಚಿಗೆ ಹಣ ಇಟ್ಟುಕೊಳ್ಳಿ. ಅಸಲಿ ಸರ್ಟಿಫಿಕೇಟುಗಳು ಕೈಚೀಲದಲ್ಲೇ ಇರಲಿ, ಪೆಟ್ಟಿಗೆಗೆ ಹಾಕಬೇಡಿ. ಹೊರಗೆ ಉರಿ ಬಿಸಿಲು, ತರಗತಿಯೊಳಗೆ ಎಸಿ ಚಳಿ. ಹತ್ತಿ ಬಟ್ಟೆ ಜೊತೆ ಒಂದು ಸ್ವೆಟರ್ ಹಾಕಿಕೊಳ್ಳಿ.